ಕಟ್ಟಕಡೆಯ ಸಾಲಿನ ಕನ್ನಡ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ಗಂಜಿ ಕೊತಕೊತ ಕುದಿಯುತ್ತಿದೆ. ಗೋಡೆಗುಂಟ ಹಾಕಿದ ಉದ್ದನೆಯ ಸ್ಟೀಲ್ ಮೇಜಿನ ಮೇಲೆ ಖಾಲಿ ತಟ್ಟೆಗಳು ಸಾಲಾಗಿ ಕೂತಿವೆ, ಒಂದೊಂದರ ಅಂಚಿಗೂ ಒಂದೊಂದು ಹಾಸಿಗೆಯ ನಂಬರು. ಮೇಜಿನ ತುದಿಯಲ್ಲಿ, ಹಬೆ ತಾಗದಿರಲೆಂದು ಪ್ಲಾಸ್ಟಿಕ್ ಹಾಳೆ ಹೊದಿಸಿದ ಕಂಪ್ಯೂಟರ್ ಒಂದಿದೆ. ಅದರ ಮುಂದೆ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿರುವ ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದು ತಟ್ಟೆಯಕ್ಕ ಎಂದು. ಸಂಬಳದ ದಿನ ಬಿಟ್ಟರೆ ಬೇರೆ ಹೆಸರು ಯಾರಿಗೂ ನೆನಪಾಗುವುದಿಲ್ಲ.

ಪರದೆ ಹೊತ್ತಿಕೊಂಡಿದೆ. ಯಾವ ಹಾಸಿಗೆಯವರಿಗೆ ಉಪ್ಪಿಲ್ಲದ ಊಟ, ಯಾರಿಗೆ ಸಕ್ಕರೆ ಬೇಡ, ಯಾರಿಗೆ ಬರೀ ತೆಳ್ಳನೆಯದು, ಯಾರಿಗೆ ಏನನ್ನೂ ಕೊಡಕೂಡದು, ಎಲ್ಲವೂ ಅದರಲ್ಲಿದೆ. ಇರುವುದು ಇಂಗ್ಲಿಷಿನಲ್ಲಿ. ತಟ್ಟೆಯಕ್ಕನಿಗೆ ಇಂಗ್ಲಿಷ್ ಎಂದರೆ ಕಬ್ಬಿಣದ ಕಡಲೆ. ಹಾಗಾಗಿ ಗಂಜಿ ಸಿದ್ಧವಿದೆ, ತಟ್ಟೆ ಸಿದ್ಧವಿದೆ, ಅವರು ಮಾತ್ರ ಬಾಗಿಲ ಕಡೆ ನೋಡುತ್ತ ನಿಂತಿದ್ದಾರೆ. ಉಗ್ರಾಣದವನು ಬಂದು ಓದಿ ಹೇಳಬೇಕು.

ಅವನು ಬರುತ್ತಾನೆ, ಆಕಳಿಸುತ್ತ. ಕೆಟ್ಟವನಲ್ಲ. ಗೇಟಿನ ಹತ್ತಿರ ತರಕಾರಿ ಗಾಡಿ ಬಂದು ನಿಂತಿದೆ, ಅವನ ಜೀವ ಅಲ್ಲಿದೆ.

“ಹದಿನಾಲ್ಕು?” ಎಂದು ತಟ್ಟೆಯಕ್ಕ ಕೇಳುತ್ತಾರೆ.

“ಉಪ್ಪಿಲ್ಲ.”

“ಹದಿನೈದು?”

“ಮಾಮೂಲಿ.”

“ಹದಿನಾರು?”

“ಮೆತ್ತಗಿನ ಊಟ, ಸಕ್ಕರೆ ಬೇಡ.”

“ಇನ್ನೊಂದ್ಸಲ ನೋಡಪ್ಪಾ.”

“ನೋಡಿದೆ ಅಕ್ಕಾ. ಅದೇ ಇದೆ.”

“ನಿನ್ನೆ ಸಂಜೆ ಏನಾದ್ರೂ ಬದಲಾಯಿಸಿದ್ದಾರಾ ನೋಡು.”

“ಅಯ್ಯೋ, ನಾನು ಓದಿ ಮುಗಿಸಿದ ಮೇಲೆ ಅಕ್ಷರ ಎದ್ದು ಓಡಿ ಹೋಗುತ್ತಾ? ಬಿಡಿ ಅಕ್ಕಾ, ಗಂಜಿ ಆರಿ ಹೋಗುತ್ತೆ.”

ಮೊದಲು ಹೀಗಿರಲಿಲ್ಲ. ಮೊದಲು ತಟ್ಟೆಯಕ್ಕ ಯಾರಿಗೂ ಕಾಯುತ್ತಿರಲಿಲ್ಲ. ತಾವೇ ಓದಿ, ತಾವೇ ಬಡಿಸಿ, ಸೂರ್ಯ ಮೇಲೇರುವಷ್ಟರಲ್ಲಿ ನೂರಕ್ಕೂ ಮಿಕ್ಕಿದ ತಟ್ಟೆಗಳನ್ನು ತಳ್ಳುಗಾಡಿಗೆ ಏರಿಸಿಬಿಡುತ್ತಿದ್ದರು. ಈಗ ಒಂದೊಂದನ್ನೂ ಎರಡೆರಡು ಸಲ ಕೇಳುತ್ತಾರೆ. ಈ ತಿಂಗಳು ಮುಗಿದರೆ ಕೇಳುವುದೂ ಇಲ್ಲ. ಅವರನ್ನು ಈ ಮೇಜಿನಿಂದ ತೆಗೆದು ಪಾತ್ರೆ ತೊಳೆಯುವ ಕಡೆ ಹಾಕುವುದಾಗಿ ಕಚೇರಿಯವರು ಹೇಳಿಯಾಗಿದೆ. ಅದು ತಪ್ಪಬೇಕಾದರೆ ಇರುವ ದಾರಿ ಒಂದೇ. ಈ ಕಂಪ್ಯೂಟರಿನೊಳಗಿನ ಈ ಒಂದು ಪ್ರೋಗ್ರಾಮ್ ಮತ್ತೆ ಕನ್ನಡದಲ್ಲಿ ಕಾಣಿಸಬೇಕು.

ಪಾತ್ರೆ ತೊಳೆಯುವುದು ಅವರಿಗೆ ಹೊಸದೇನಲ್ಲ. ಇಪ್ಪತ್ತರ ಪ್ರಾಯದಲ್ಲಿ ಈ ಕಟ್ಟಡಕ್ಕೆ ಬಂದದ್ದೇ ಆ ಕೆಲಸಕ್ಕೆ. ಓದಿದ್ದು ಏಳನೇ ಕ್ಲಾಸು. ಮದುವೆಯಾಗಲಿಲ್ಲ. “ಆಗ್ಬೇಕು ಅನ್ನೋಷ್ಟರಲ್ಲಿ ಬಿಸಿನೀರಲ್ಲಿ ಕೈ ಎಲ್ಲಾ ಸುಕ್ಕಾಗಿತ್ತು, ಬಂದವರು ಕೈ ನೋಡಿ ವಯಸ್ಸು ಲೆಕ್ಕ ಹಾಕಿದ್ರು” ಎಂದು ನಗುತ್ತಾರೆ. ಅಚ್ಚಿನ ಅಂಗಡಿಯೊಂದರ ಮೇಲಿನ ಎರಡು ಕೋಣೆಯಲ್ಲಿ ಅವರದ್ದೂ ಅವರ ತಂಗಿಯದ್ದೂ ವಾಸ. ತಂಗಿ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

ಓದುವ ಹುಚ್ಚು ಮಾತ್ರ ತಟ್ಟೆಯಕ್ಕನನ್ನು ಬಿಡಲಿಲ್ಲ. ಸೋಪಿನ ಡಬ್ಬಿಯ ಮೇಲಿನ ಎಚ್ಚರಿಕೆ, ಸಾಮಾನು ಕಟ್ಟಿ ಬಂದ ಹಳೆಯ ಪತ್ರಿಕೆ, ಲಿಫ್ಟಿನೊಳಗೆ ಅಂಟಿಸಿದ ಸೂಚನೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಾರೆ. ಅಡುಗೆಮನೆಗೆ ಈ ಪ್ರೋಗ್ರಾಮ್ ಬಂದ ದಿನವೂ ಅಷ್ಟೇ, ಕಂಪ್ಯೂಟರಿನ ಖಾಲಿ ಪೆಟ್ಟಿಗೆಯನ್ನು ಎತ್ತಿಡುವ ನೆಪದಲ್ಲಿ ಅದರ ಮೈಮೇಲಿದ್ದ ಕನ್ನಡವನ್ನೆಲ್ಲ ಓದುತ್ತ ನಿಂತಿದ್ದರು. ಪ್ರೋಗ್ರಾಮ್ ಹಾಕಲು ಬಂದಿದ್ದ ಹುಡುಗಿ ಅದನ್ನು ಕಂಡಳು.

“ಚೆನ್ನಾಗಿ ಓದ್ತೀರಲ್ಲಮ್ಮಾ. ಇದನ್ನೂ ಕನ್ನಡದಲ್ಲಿ ನೋಡಬಹುದು ಗೊತ್ತಾ?”

“ಅದು ಇಂಗ್ಲಿಷ್ ಮೆಷಿನ್ ಅಲ್ವೇನಮ್ಮಾ?”

“ಮೆಷಿನ್ನಿಗೇನು ಭಾಷೆ? ಇಡೀ ಕಂಪ್ಯೂಟರನ್ನ ತಿರುಗಿಸಿದ್ರೆ, ಇದರಲ್ಲೇ ಲೆಕ್ಕ ಬರೆಯೋ ಉಗ್ರಾಣದವರು ನನ್ನನ್ನ ಹುರಿದು ಮುಕ್ಕಿಬಿಡ್ತಾರೆ. ಇದೊಂದನ್ನ ಮಾತ್ರ ತಿರುಗಿಸ್ಕೊಳ್ಳಿ. ಬನ್ನಿ, ತೋರಿಸ್ತೀನಿ.”

ಬಲಗಡೆಯ ಮೇಲಿನ ಮೂಲೆಯಲ್ಲಿ ಹಲ್ಲಿನ ಚಕ್ರದ ಚಿತ್ರ. ಅದನ್ನು ಒತ್ತಿದರೆ ಕೆಲವು ಸಾಲುಗಳು, ಅವುಗಳಲ್ಲಿ ಭೂಗೋಳದ ಚಿತ್ರವಿರುವ ಸಾಲೊಂದು. ಅದನ್ನು ಒತ್ತಿದರೆ ಭಾಷೆಗಳ ಪಟ್ಟಿ. ಪಟ್ಟಿಯಲ್ಲಿ ಎಲ್ಲ ಭಾಷೆಗಳ ಹೆಸರೂ ಇಂಗ್ಲಿಷಿನಲ್ಲೇ. “ಕಟ್ಟಕಡೇದು ನಿಮ್ಮದು, ಮರೀಬೇಡಿ” ಎಂದಳು ಹುಡುಗಿ. ತಟ್ಟೆಯಕ್ಕ ಕಟ್ಟಕಡೆಯದನ್ನು ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಪರದೆಯ ತುಂಬ ಕನ್ನಡ. “ನನಗೆ ಜೀವ ಜುಮ್ ಅಂತು” ಎಂದು ಇಂದಿಗೂ ಹೇಳುತ್ತಾರೆ. “ಅಷ್ಟು ದೊಡ್ಡ ಡಾಕ್ಟರು ಬರೆದಿದ್ದು ನನಗೆ ಅರ್ಥ ಆಗ್ತಿದೆಯಲ್ಲಾ ಅಂತ.”

ಆ ಕನ್ನಡ ಅಂಥ ಚೆಂದದ್ದೇನೂ ಅಲ್ಲ. ಯಾರೋ ಎಲ್ಲೋ ಕೂತು ಗಡಿಬಿಡಿಯಲ್ಲಿ ಮಾಡಿದ್ದು. ಆಪರೇಷನ್ನಿಗೆ ಮುಂಚೆ ರೋಗಿಗೆ ಏನನ್ನೂ ತಿನ್ನಿಸಬೇಡಿ ಎನ್ನುವುದಕ್ಕೆ ‘ಬಾಯಿಯಿಂದ ಏನೂ ಇಲ್ಲ’ ಎಂದು ಬರೆದಿದ್ದರು. ಕೊನೆಯಲ್ಲೊಂದು ಸೇವ್ ಮಾಡುವ ಗುಂಡಿ, ಅದರ ಮೇಲೆ ‘ಉಳಿಸಿ’. “ಯಾರನ್ನ ಉಳಿಸ್ಬೇಕು, ರೋಗೀನಾ, ಗಂಜೀನಾ?” ಎಂದು ತಟ್ಟೆಯಕ್ಕ ಕೇಳಿದ ದಿನ ಅಡುಗೆಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ. ಆದರೆ ಆ ಹರಕುಮುರುಕು ಕನ್ನಡವೇ ಅವರನ್ನು ಪಾತ್ರೆಯ ತೊಟ್ಟಿಯಿಂದ ಎಬ್ಬಿಸಿ ಈ ಮೇಜಿನ ಮುಂದೆ ನಿಲ್ಲಿಸಿತು. ಓದಬಲ್ಲವರು, ತಪ್ಪದೆ ಬಡಿಸಬಲ್ಲವರು ಎಂದು ಆಸ್ಪತ್ರೆಯ ಪಥ್ಯ ನೋಡಿಕೊಳ್ಳುವ ಡಯಟ್ ಮೇಡಂ ಅವರನ್ನು ಇಲ್ಲಿಗೆ ಹಾಕಿಸಿದರು.

ಒಂದೇ ಕಿರಿಕಿರಿ. ಪ್ರೋಗ್ರಾಮು ಮರೆವಿನ ಮುದುಕನ ಹಾಗೆ. ಆರಿಸಿ ಮತ್ತೆ ಹೊತ್ತಿಸಿದರೆ ಹಿಂದಿನ ದಿನದ್ದೆಲ್ಲ ಮರೆತು ಇಂಗ್ಲಿಷಿನಲ್ಲೇ ಎದ್ದು ಕೂರುತ್ತದೆ. ಹಾಗಾಗಿ ಪ್ರತಿದಿನ ನಸುಕಿನಲ್ಲಿ ತಟ್ಟೆಯಕ್ಕನ ಮೊದಲ ಕೆಲಸ ಅದನ್ನು ಕನ್ನಡಕ್ಕೆ ತಿರುಗಿಸುವುದು. ಚಕ್ರ, ಭೂಗೋಳ, ಕಟ್ಟಕಡೆಯ ಸಾಲು. ಓದಿಕೊಂಡು ಮಾಡಿದ್ದಲ್ಲ, ಕತ್ತಲಲ್ಲಿ ಮನೆಯ ಸ್ವಿಚ್ಚು ಹುಡುಕುವಂತೆ ಕೈಯಭ್ಯಾಸದಿಂದ ಮಾಡಿದ್ದು. ಏಳೆಂಟು ವರ್ಷ ಅದು ಒಂದು ದಿನವೂ ಕೈಕೊಡಲಿಲ್ಲ.

ಕೈಕೊಟ್ಟದ್ದು ಕಳೆದ ತಿಂಗಳು. ಹಿಂದಿನ ರಾತ್ರಿ ಪ್ರೋಗ್ರಾಮಿನ ಕಂಪನಿಯವರು ಅದನ್ನು ಹೊಸದು ಮಾಡಿದ್ದರು. ಅಡುಗೆಮನೆಗೆ ಹೇಳಬೇಕು ಎಂದು ಯಾರಿಗೆ ಹೊಳೆಯಬೇಕು? ಭಾಷೆಗಳ ಪಟ್ಟಿಗೆ ಹೊಸ ಭಾಷೆಯೊಂದು ಬಂದು ಸೇರಿತ್ತು, ಕನ್ನಡದ ಕೆಳಗೆ. ತಟ್ಟೆಯಕ್ಕ ಎಂದಿನಂತೆ ಕಟ್ಟಕಡೆಯದನ್ನು ಒತ್ತಿದರು.

ಪರದೆ ಮಗುಚಿಬಿತ್ತು. ಅದು ದೂರದ ಯಾವುದೋ ದೇಶದ, ಬಲದಿಂದ ಎಡಕ್ಕೆ ಓದುವ ಭಾಷೆ. ಅಕ್ಷರ ಮಾತ್ರವಲ್ಲ, ಇಡೀ ಪುಟವೇ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿತು. ಎಡಗಡೆ ಇದ್ದ ಹಾಸಿಗೆಯ ನಂಬರುಗಳು ಬಲಕ್ಕೆ ಹೋದವು, ಅಂಕಿಗಳೂ ಆ ಭಾಷೆಯವೇ ಆದವು. ಬಲಮೂಲೆಯ ಚಕ್ರ ಎಡಮೂಲೆಗೆ ಹಾರಿತ್ತು. ತಟ್ಟೆಯಕ್ಕ ಬಲಮೂಲೆಯಲ್ಲೇ ಒತ್ತಿದರು, ಒತ್ತಿದರು, ಏನೇನೋ ಪೆಟ್ಟಿಗೆಗಳು ತೆರೆದುಕೊಂಡವು. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದರು. ಮತ್ತೆ ಇಂಗ್ಲಿಷ್. ಮತ್ತೆ ಚಕ್ರ, ಭೂಗೋಳ, ಕಟ್ಟಕಡೆಯ ಸಾಲು. ಮತ್ತೆ ಅದೇ. ಕನ್ನಡ ಒಂದೇ ಒಂದು ಸಾಲು ಮೇಲಿತ್ತು. ಕಟ್ಟಕಡೆಯದು ಎಂದು ಕಲಿಸಿದ್ದರು, ಅವರು ಕಟ್ಟಕಡೆಯದನ್ನೇ ಒತ್ತುತ್ತಿದ್ದರು.

“ಮೆಷಿನ್ನೇ ಕೆಡಿಸಿಬಿಟ್ನಾ ಅಂತ ಭಯ ಆಯ್ತು. ಇನ್ನೊಂದು ಸಾಲು ಒತ್ತಿ ನೋಡೋಣ ಅಂತ ಹೊಳೀಲೇ ಇಲ್ಲ.”

ಉಗ್ರಾಣದವನು ಅಂದು ರಜೆ. ಡಯಟ್ ಮೇಡಂ ಬರುವುದು ಒಂಬತ್ತರ ಮೇಲೆ. ಒಲೆಯ ಮುಂದಿನ ಇಬ್ಬರಿಗೆ ಯಾವ ಭಾಷೆಯೂ ಓದಲು ಬರುವುದಿಲ್ಲ. ವಾರ್ಡಿಗೆ ಫೋನ್ ಮಾಡಿದರೆ ಅಲ್ಲಿ ರಾತ್ರಿ ಪಾಳಿಯವರು ಹೊರಡುವ, ಬೆಳಗಿನವರು ಬರುವ ಗಲಾಟೆ. “ನಿನ್ನೆ ಕೊಟ್ಟ ಹಾಗೇ ಕೊಡಿ ಅಕ್ಕಾ” ಎಂದು ಯಾರೋ ಹೇಳಿ ಫೋನ್ ಇಟ್ಟರು. ತಟ್ಟೆಯಕ್ಕ ನಿನ್ನೆಯದನ್ನು ನೆನಪಿಸಿಕೊಂಡು ಬಡಿಸಿದರು. ಹದಿನಾರನೇ ಹಾಸಿಗೆಗೆ ನಿನ್ನೆ ಮೆತ್ತಗಿನ ಊಟ, ಸಕ್ಕರೆ ಬೇಡ. ಆದರೆ ಹಿಂದಿನ ಸಂಜೆ ಡಾಕ್ಟರು ಅದನ್ನು ಬದಲಾಯಿಸಿದ್ದರು. ‘ಬಾಯಿಯಿಂದ ಏನೂ ಇಲ್ಲ.’

ಹದಿನಾರರಲ್ಲಿ ಇದ್ದವರು ಒಬ್ಬ ದರ್ಜಿ. ಸಕ್ಕರೆ ಕಾಯಿಲೆ, ಬಲಗಾಲಿಗೆ ರಕ್ತ ಹರಿಯದೆ ಪಾದದ ಹುಣ್ಣು ಮಾಯುತ್ತಿರಲಿಲ್ಲ. ಕಟ್ಟಿಕೊಂಡ ರಕ್ತನಾಳ ಬಿಡಿಸುವ ಸರ್ಜನ್ ಬೇರೆ ಊರಿನವರು, ವಾರಕ್ಕೊಮ್ಮೆ ಇಲ್ಲಿಗೆ ಬಂದು ಸಂಜೆಯೊಳಗೆ ಹೊರಡುವವರು. ಅಂದು ಬೆಳಿಗ್ಗೆ ದರ್ಜಿಯ ಸರದಿ. ಹಸಿದಿದ್ದ ಮನುಷ್ಯ ಮುಂದಿಟ್ಟ ಗಂಜಿಯನ್ನು ಕುಡಿದರು. ಹೊಟ್ಟೆಯಲ್ಲಿ ಅನ್ನವಿದ್ದವರಿಗೆ ಅರಿವಳಿಕೆ ಕೊಡುವಂತಿಲ್ಲ. ಆಪರೇಷನ್ ಮುಂದಿನ ವಾರಕ್ಕೆ ಹೋಯಿತು. ಮುಂದಿನ ವಾರದ ಹೊತ್ತಿಗೆ ಹುಣ್ಣು ಕೊಳೆತು ವಿಷ ಮೇಲೇರಿತ್ತು, ನಾಳ ಬಿಡಿಸುವ ಮಾತೇ ಉಳಿಯಲಿಲ್ಲ. ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು.

ಆ ಒಂದು ವಾರ ತಡವಾಗದಿದ್ದರೆ ಕಾಲು ಉಳಿಯುತ್ತಿತ್ತೇ? ಕೇಳಿದರೆ ಡಾಕ್ಟರುಗಳದ್ದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು. ಉಳಿಯುತ್ತಿತ್ತೇನೋ, ಉಳಿಯುತ್ತಿರಲಿಲ್ಲವೇನೋ. ತಟ್ಟೆಯಕ್ಕನಿಗೆ ಮಾತ್ರ ಅನುಮಾನವಿಲ್ಲ. ಹೇಳದೆ ಕೇಳದೆ ಪಟ್ಟಿ ಬದಲಾಯಿಸಿದವರಿದ್ದಾರೆ, ನೋಡದೆ ‘ನಿನ್ನೆಯ ಹಾಗೇ’ ಎಂದವರಿದ್ದಾರೆ, ಹಾಸಿಗೆಯ ತಲೆದೆಸೆಗೆ ಹಾಕಬೇಕಾದ ‘ಊಟ ಕೊಡಬೇಡಿ’ ಎಂಬ ಹಲಗೆಯನ್ನು ಹಾಕಲು ಮರೆತವರಿದ್ದಾರೆ. ಆದರೆ ತಪ್ಪು ಹಂಚಿಕೊಳ್ಳಲು ಪಂಕ್ತಿ ಹಾಕಿದರೆ ಯಾರೂ ಕೂರುವುದಿಲ್ಲ. ವಿಚಾರಣೆಯ ಕೋಣೆಯಲ್ಲಿ “ಬಡಿಸಿದ್ದು ಯಾರು?” ಎಂದು ಕೇಳಿದರು. “ನಾನೇ” ಎಂದರು ತಟ್ಟೆಯಕ್ಕ. ಅಷ್ಟಕ್ಕೆ ವಿಚಾರಣೆ ಮುಗಿಯಿತು. ಹೊಟ್ಟೆ ಉರಿಯುವ ಸಂಗತಿಯೆಂದರೆ, ವರದಿಯಲ್ಲಿ ಬರೆದ ಕಾರಣ ‘ಪ್ರೋಗ್ರಾಮಿನ ಭಾಷೆಯನ್ನು ಬದಲಾಯಿಸಿದ್ದು’.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಈಗ ಆ ಚಕ್ರದ ಚಿತ್ರಕ್ಕೆ ಪಾಸ್‌ವರ್ಡು ಬಿದ್ದಿದೆ. ಯಾರೂ ಭಾಷೆ ಬದಲಾಯಿಸುವಂತಿಲ್ಲ. ಎಷ್ಟೋ ಸಾವಿರ ಸಲ ತಪ್ಪಿಲ್ಲದೆ ಓದಿಸಿದ ಕನ್ನಡವೇ ಕಳ್ಳನಂತೆ ಒಳಗೆ ಕೂತಿದೆ.

ಮನೆಯಲ್ಲಿ ತಂಗಿ ಸುಮ್ಮನಿರಲಿಲ್ಲ. ಚಪ್ಪಲಿ ಡಬ್ಬಿಗಳ ಮೇಲೆ ಓದಿ ಓದಿ ಅವಳಿಗೆ ಇಂಗ್ಲಿಷ್ ಅಕ್ಷರ ಚೆನ್ನಾಗಿ ಬರುತ್ತದೆ. “ಕಲಿ ಅಕ್ಕಾ, ಅದೇನು ಹುಲಿನಾ ತಿನ್ನೋಕೆ?” ಎಂದು ಹಠ ಹಿಡಿದು ಸಂಜೆ ಸಂಜೆ ಕೂರಿಸಿದಳು. ಇಪ್ಪತ್ತಾರು ಅಕ್ಷರ ತಟ್ಟೆಯಕ್ಕನ ತಲೆಗೆ ಹತ್ತಲಿಲ್ಲ. ಒಂದು ನೆನಪಾದರೆ ಇನ್ನೊಂದು ಜಾರುತ್ತದೆ. ಡಯಟ್ ಮೇಡಂ ಹೇಳಿದ್ದರು, ಏನೂ ಕೊಡಬೇಡಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರೇ ಅಕ್ಷರ ಎಂದು. ಆ ಮೂರನ್ನು ಮಾತ್ರ ಕಲಿತರು. ಮೇಜಿನ ಮೇಲೆ ಒದ್ದೆ ಬೆರಳಿನಿಂದ ಬರೆದು ತೋರಿಸುತ್ತಾರೆ, ವಕ್ರವಾಗಿ, ಆದರೆ ತಪ್ಪಿಲ್ಲದೆ.

“ಮೂರಕ್ಷರ. ಒಂದು ಗಂಟೆ ಕೂತಿದ್ರೆ ಅವತ್ತೇ ಬರ್ತಿತ್ತು. ಕನ್ನಡ ಇದೆಯಲ್ಲಾ ಅಂತ ಕಲೀಲಿಲ್ಲ ನಾನು. ಈಗ ಕಲಿತು ಯಾರ ಕಾಲು ಉಳಿಸ್ಲಿ?”

ಬರೆದ ಅಕ್ಷರದ ಮೇಲೆ ಬಟ್ಟೆ ಆಡಿಸಿ ಒರೆಸಿಬಿಡುತ್ತಾರೆ.

ಡಯಟ್ ಮೇಡಂ ಕೈಲಾದದ್ದನ್ನು ಮಾಡಿದ್ದಾರೆ. ಅವರಿನ್ನೂ ಚಿಕ್ಕವರು, ಕಚೇರಿಯಲ್ಲಿ ಅವರ ಮಾತಿಗೆ ಅಷ್ಟೇನೂ ತೂಕವಿಲ್ಲ. ಆದರೂ ಬೆನ್ನು ಬಿಡದೆ ಮೇಲಿನವರನ್ನು ಒಪ್ಪಿಸಿದ್ದರು. ಪಟ್ಟಿಯ ಬದಲು ನೇರವಾಗಿ ಕನ್ನಡದಲ್ಲೇ ತೆರೆದುಕೊಳ್ಳುವಂತೆ ಕಂಪನಿಯವರು ಮಾಡಿಕೊಟ್ಟರೆ ತಟ್ಟೆಯಕ್ಕ ಈ ಮೇಜಿನಲ್ಲೇ ಇರಬಹುದು ಎಂಬಷ್ಟರ ಮಟ್ಟಿಗೆ. ಆ ಒಂದು ಆಸೆಯಲ್ಲಿ ಎರಡು ವಾರ ಕಳೆದವು. ಮೊನ್ನೆ ಕಂಪನಿಯ ಫೋನ್ ಬಂತು. ಮೇಡಂ ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು. ಆ ಕಡೆಯ ದನಿ ಬಹಳ ವಿನಯದ್ದು.

“ಮೇಡಂ, ಆ ಭಾಷೆಯನ್ನ ಮುಂದಿನ ತಿಂಗಳಿಂದ ತೆಗೀತಾ ಇದ್ದೀವಿ. ಬಳಸೋವ್ರು ಇಲ್ಲ ನೋಡಿ. ನಮ್ಮ ಪ್ರೋಗ್ರಾಮ್ ನೂರಾರು ಆಸ್ಪತ್ರೇಲಿದೆ. ಅಷ್ಟರಲ್ಲಿ ಕನ್ನಡಕ್ಕೆ ಬದಲಾಯಿಸ್ಕೊಳ್ತಿದ್ದದ್ದು ಒಂದೇ ಒಂದು ಕಂಪ್ಯೂಟರು. ಅದೂ ಈಗೊಂದು ತಿಂಗಳಿಂದ ಇಲ್ಲ.”

“ಆ ಒಂದು ಕಂಪ್ಯೂಟರ್ ನಮ್ಮದೇ” ಎಂದರು ಮೇಡಂ.

“ಹೌದಾ ಮೇಡಂ? ಸಾರಿ. ಒಬ್ಬರಿಗೋಸ್ಕರ ಇಟ್ಕೊಳ್ಳೋಕೆ ಆಗಲ್ಲ.”

ಫೋನ್ ಇಟ್ಟಾಯಿತು. ಎಲ್ಲರೂ ತಟ್ಟೆಯಕ್ಕನ ಮುಖ ನೋಡಿದರು. ಅವರು ಅಳಲಿಲ್ಲ. ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿಟ್ಟು ಕೇಳಿದರಂತೆ: “ಅಂದ್ರೆ ಮೇಡಂ, ಇಷ್ಟು ವರ್ಷ ನನಗೊಬ್ಬಳಿಗೋಸ್ಕರ ಇಟ್ಟಿದ್ರಾ ಅದನ್ನ?”

ಡಯಟ್ ಮೇಡಂ ಹೌದೆಂದು ತಲೆಯಾಡಿಸಿದರು.

“ಗೊತ್ತಿದ್ರೆ ಒಂದು ಮಾತು ಥ್ಯಾಂಕ್ಸ್ ಹೇಳ್ತಿದ್ದೆ” ಎಂದರು ತಟ್ಟೆಯಕ್ಕ, ಮತ್ತೆ ಸೌಟು ಹಿಡಿದರು.

ಅವರು ಅದನ್ನು ಕೊಂಕಿಗೆ ಆಡಿದ್ದಲ್ಲ. ನಿಜಕ್ಕೂ ಹಾಗೇ ಅನ್ನಿಸಿತ್ತು ಅವರಿಗೆ. ತಮ್ಮ ಬದಲು ಬರುವ ಹೊಸಬಳಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು ಎಂದು ಕೇಳಿ ಸಮಾಧಾನಪಟ್ಟುಕೊಂಡಿದ್ದಾರೆ. “ಒಳ್ಳೇದಾಯ್ತು. ಯಾರ ತಟ್ಟೆನೂ ತಪ್ಪಲ್ಲ ಇನ್ನು.” ಸಮಾಧಾನವೇನೋ ಸರಿ, ಆದರೆ ಆ ಮಾತು ಹೇಳುವಾಗ ಅವರ ಕಣ್ಣು ಪರದೆಯ ಕಡೆ ಹೋಗುವುದಿಲ್ಲ.

ಪತ್ರಿಕೆಗೆ ಬರೆಯುತ್ತೇವೆ ಎಂದಾಗ ತಟ್ಟೆಯಕ್ಕ ಮೊದಲು ಒಪ್ಪಲಿಲ್ಲ. “ನನ್ನ ಬಗ್ಗೆ ಏನು ಬರೀತೀರಾ? ಬರೆಯೋದಾದ್ರೆ ಆ ದರ್ಜಿ ಅಣ್ಣನ ಬಗ್ಗೆ ಬರೀರಿ.” ದರ್ಜಿ ಇನ್ನೂ ಮೇಲಿನ ವಾರ್ಡಿನ ಅದೇ ಹದಿನಾರನೇ ಹಾಸಿಗೆಯಲ್ಲೇ ಇದ್ದಾರೆ. ಕಾಲು ತೆಗೆದ ಗಾಯ ಒಣಗುವುದು ನಿಧಾನ. ತಟ್ಟೆಯಕ್ಕ ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಅವರ ಹಾಸಿಗೆಯ ಹತ್ತಿರ ಹೋಗಿ ನಿಂತಿದ್ದರು. ದರ್ಜಿಯ ಹೆಂಡತಿ ಸ್ಟೂಲಿನಲ್ಲಿ ಕೂತಿದ್ದರು.

“ಅಣ್ಣಾ, ಅವತ್ತು ಗಂಜಿ ಕಳಿಸಿದ್ದು ನಾನೇ.”

ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಎಂದೇ ಹೋಗಿದ್ದರು. ದರ್ಜಿ ಬೈಯಲಿಲ್ಲ. ಅವರನ್ನು ನೋಡಿ, “ಒಂದೇ ಕಾಲಲ್ಲಿ ಮೆಷಿನ್ ತುಳಿಯೋಕಾಗುತ್ತಾ ತಾಯಿ?” ಎಂದು ಕೇಳಿದರು.

“ನನಗೇನು ಗೊತ್ತು ಹೊಲಿಗೆ ವಿಷಯ? ಆಗುತ್ತೆ ಅಣ್ಣಾ ಅಂತ ಹೇಳ್ಬಿಡ್ಬೇಕಿತ್ತು. ಸುಮ್ನೆ ಇಳಿದು ಬಂದ್ಬಿಟ್ಟೆ” ಎನ್ನುತ್ತಾರೆ ತಟ್ಟೆಯಕ್ಕ. ಆಮೇಲೆ ಮೇಲೆ ಹೋಗಿಲ್ಲ. ಹೋಗಲು ಮುಖವಿಲ್ಲ ಎನ್ನುತ್ತಾರೆ.

ಬಿಸಿಲು ಅಡುಗೆಮನೆಯ ಹೊಸ್ತಿಲಿಗೆ ಬರುವ ಹೊತ್ತಿಗೆ ತಳ್ಳುಗಾಡಿ ವಾರ್ಡುಗಳಿಂದ ಕೆಳಗಿಳಿಯುತ್ತದೆ. ಎಂಜಲು ತಟ್ಟೆಗಳನ್ನು ತೊಟ್ಟಿಗೆ ಸುರಿಯುವುದು ತೊಳೆಯುವವರ ಕೆಲಸ. ಈಗ ಕೆಲವು ದಿನಗಳಿಂದ ತಟ್ಟೆಯಕ್ಕ, ಯಾರೂ ಹೇಳದಿದ್ದರೂ, ಗಾಡಿ ಬಂದ ಸದ್ದಾದ ಕೂಡಲೇ ಎದ್ದು ಆ ಕಡೆ ಹೋಗುತ್ತಾರೆ. ಇಂದೂ ಹೋಗುತ್ತಾರೆ. ಕೆಲವು ತಟ್ಟೆಗಳು ಬೆರಳಲ್ಲಿ ಬಳಿದು ತಿಂದಂತೆ ಚೊಕ್ಕಟವಾಗಿವೆ, ಕೆಲವುಗಳಲ್ಲಿ ಅರ್ಧ ಉಳಿದಿದೆ. ಅವರು ನಂಬರು ನೋಡುತ್ತ ನೋಡುತ್ತ ಗಾಡಿಯ ಕೆಳಗಿನ ಖಾನೆಯಿಂದ ಒಂದನ್ನು ಎಳೆದುಕೊಂಡು ಮುಚ್ಚಳ ತೆಗೆಯುತ್ತಾರೆ. ಹದಿನಾರು. ಗಂಜಿ ಕೆನೆಗಟ್ಟಿದೆ. ಚಮಚ ಸುತ್ತಿದ ಕಾಗದವನ್ನೂ ಬಿಚ್ಚಿಲ್ಲ.

“ದಿನಾ ಹೀಗೇ ಬರುತ್ತೆ” ಎನ್ನುತ್ತಾರೆ. “ಇಲ್ಲಿಂದ ಕಳಿಸೋ ಯಾವುದನ್ನೂ ಅವರು ಮುಟ್ಟಲ್ಲ. ಹೆಂಡತಿ ಹೊರಗಿಂದ ಏನೋ ತಂದು ಒಂದೆರಡು ತುತ್ತು ತಿನ್ನಿಸ್ತಾರಂತೆ. ಹೆದರಿಕೆ ಅವರಿಗೆ. ನನ್ನ ಕೈಯಿಂದ ಹೋದ ತಟ್ಟೆ ಅಲ್ವಾ.”

ಗಂಜಿಯನ್ನು ಎಂಜಲಿನ ಡ್ರಮ್ಮಿಗೆ ಸುರಿಯುತ್ತಾರೆ. ತಟ್ಟೆಯನ್ನು ತೊಟ್ಟಿಯ ಅಂಚಿಗೆ ಇಟ್ಟು, ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಲ್ಲುತ್ತಾರೆ.

“ತೊಳೆಯೋ ಕೆಲಸಕ್ಕೇ ಹಾಕ್ಲಿ, ಬೇಜಾರಿಲ್ಲ. ಇದೊಂದು ತಟ್ಟೆ ಎಂಜಲಾಗಿ ಬರ್ಲಿ. ಒಂದೇ ಒಂದು ದಿನ. ಅವತ್ತು ಇದನ್ನ ನಾನೇ ತೊಳೀತೀನಿ.”